ತೊಳೆದ ಗಡಿಗೆ

"ಗುರುಗಳೇ, ಕಳ್ಳ ಯಾರು? ಕಿಟಕಿಯೋ, ನಡುವಿನ ಕೊಂಡಿಯೋ?" ಎಂದು ಕೊಟ್ರೇಶ ಕೇಳಿದ.

ಅವನು ಒಂದು ಫೋಟೋ ಸ್ಟುಡಿಯೋಗಾಗಿ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಿಟಕಿ ಕಟ್ಟುತ್ತಿದ್ದ. ಅದರಲ್ಲಿ ಎರಡು ಪೆಟ್ಟಿಗೆ. ಈ ಪೆಟ್ಟಿಗೆಯ ಫೋಟೋವನ್ನು ಮೌಸಿನಿಂದ ಹಿಡಿದು, ಎಳೆದು, ಆ ಪೆಟ್ಟಿಗೆಯಲ್ಲಿ ಬಿಡಬೇಕು. ಕಿಟಕಿಯ ಭಾಷೆ ಒಂದು, ಅದಕ್ಕೆ ಕೆಲಸ ಹೇಳಲು ಕೊಟ್ರೇಶ ಬರೆಯುವ ಸ್ಕ್ರಿಪ್ಟಿನ ಭಾಷೆ ಇನ್ನೊಂದು. ನಡುವೆ ಮಾತು ದಾಟಿಸಲು ಯಾರೋ ಬರೆದಿಟ್ಟ ಕೊಂಡಿ. ಫೋಟೋ ಬಿಟ್ಟ ಕೂಡಲೇ ಹಳೆಯ ಜಾಗದಿಂದ ಅದನ್ನು ಅಳಿಸುವಂತೆ ಕೊಟ್ರೇಶ ಬರೆದಿದ್ದ. ಎಳೆದ, ಬಿಟ್ಟ. ಫೋಟೋ ಆ ಪೆಟ್ಟಿಗೆಗೆ ಬರಲಿಲ್ಲ. ಈ ಪೆಟ್ಟಿಗೆಯಲ್ಲೂ ಉಳಿಯಲಿಲ್ಲ. ಯಾರದೋ ಮದುವೆಯ ಫೋಟೋ. ಇನ್ನೊಂದು ಪ್ರತಿ ಇರಲಿಲ್ಲ.

"ಕೊಂಡಿ ಬರೆದವನ ಮೇಲೇ ನನಗೆ ಅನುಮಾನ. ಮುಖ ಕಂಡಿಲ್ಲ, ಊರು ಗೊತ್ತಿಲ್ಲ" ಎಂದ.

"ಮೌಸು ಆ ಪೆಟ್ಟಿಗೆಯ ಮೇಲೆ ಬಂದಾಗ, ಇಲ್ಲಿ ಬಿಡಬಹುದೇ ಎಂದು ಕಿಟಕಿ ಕೇಳುತ್ತದೆ. ಹೂಂ ಎಂದರಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ನಿನ್ನ ಸ್ಕ್ರಿಪ್ಟು ಏನೆಂದಿತು?" ಎಂದು ಗುರುಗಳು ಕೇಳಿದರು.

"ಏನೂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲವಲ್ಲ!"

ಗುರುಗಳು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಮದುವೆಯಾಗಿ ಬರುವಾಗ ಅವಳು ತವರಿನಿಂದ ಒಂದು ಕುಡಿಕೆ ಹೆಪ್ಪು ತಂದಿದ್ದಳು. ಇಂದಿನ ಮೊಸರು ನಾಳೆಯ ಹಾಲಿಗೆ ಹೆಪ್ಪು. ಬದುಕಿಡೀ ಅದೇ ಮೊಸರು. ಅವಳು ಹೋದ ಮೇಲೆ ಮನೆಯಲ್ಲಿ ಅವಳ ಕೈಯದು ಅಂತ ಉಳಿದದ್ದು ಅದೊಂದೇ. ಬಡಗಿಗೆ ಅನ್ನ ಬಸಿಯಲೂ ಬಾರದು. ಹಾಲಿಗೆ ಹೆಪ್ಪು ಹಾಕುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಅಸ್ಥಿ ಬಿಡಲು ದೂರದ ಹೊಳೆಗೆ ಹೋಗಬೇಕಾಯಿತು. ಬರುವಷ್ಟರಲ್ಲಿ ಮೊಸರು ಕೆಡುತ್ತದೆ. ಎದುರುಮನೆಯಲ್ಲಿ ಒಬ್ಬ ಮುದುಕಿ, ಬೇರೆ ಸೀಮೆಯವಳು. ಅವಳ ಮಾತು ಇವನಿಗೆ ತಿಳಿಯದು, ಇವನ ಮಾತು ಅವಳಿಗೆ ತಿಳಿಯದು. ಅಂದು ಅವಳ ಜಗಲಿಯಲ್ಲಿ ಬಳೆಗಾರ ಗಂಟು ಬಿಚ್ಚಿ ಕೂತಿದ್ದ. ಅವನಿಗೆ ಎರಡೂ ಮಾತು ಬರುತ್ತಿತ್ತು.

ಬಡಗಿ ಮನುಷ್ಯರನ್ನೂ ಮರದ ಹಾಗೆ ಒಂದು ಕಣ್ಣು ಮುಚ್ಚಿ ನೋಡುವವನು, ಸೊಟ್ಟ ಎಲ್ಲಿದೆ ಎಂದು. ಬಳೆಗಾರನನ್ನೂ ಹಾಗೇ ನೋಡಿದ. ಬೇರೆ ದಾರಿ ಇರಲಿಲ್ಲ.

"ಹೆಪ್ಪು ಇಲ್ಲಿ ಇಡಲಾ ಅಂತ ಕೇಳಪ್ಪ. ನಾನು ಬರೋತನಕ ಕಾಪಾಡಿ ಕೊಡಬೇಕು" ಎಂದ.

ಬಳೆಗಾರ ಕೇಳಿದ. ಮುದುಕಿ ಬಡಗಿಯ ಮುಖ ನೋಡಿದಳು. ಮಾತಾಡಲಿಲ್ಲ.

ಹೆಪ್ಪನ್ನು ಕೈಯಿಂದ ಕೈಗೆ ಕೊಡಬಾರದು. ಕೊಡುವವರು ಕೆಳಗಿಡಬೇಕು, ಪಡೆಯುವವರು ಎತ್ತಿಕೊಳ್ಳಬೇಕು. ಅದು ಆ ಓಣಿಯ ಪದ್ಧತಿ. ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದುಕೊಂಡು ಬಡಗಿ ಹೆಪ್ಪಿನ ಬಟ್ಟಲನ್ನು ಜಗಲಿಯ ಮೇಲಿಟ್ಟ. ಅವಳು ಎತ್ತಿಕೊಂಡಳೇ ಎಂದು ನೋಡಲು ನಿಲ್ಲಲಿಲ್ಲ. ಮನೆಗೆ ಬಂದು ಉಳಿದ ಮೊಸರನ್ನು ನಾಯಿಗೆ ಸುರಿದ. ಊರು ಬಿಡುವಾಗ ಮುಸುರೆ ಪಾತ್ರೆ ಇರಬಾರದೆಂದು ಮೊಸರಿನ ಗಡಿಗೆಯನ್ನು ಬೂದಿಯಲ್ಲಿ ತಿಕ್ಕಿ ತೊಳೆದು ಬೋರಲು ಹಾಕಿದ. ಬೀಗ ಹಾಕಿ ಹೊರಟುಹೋದ.

ತಿರುಗಿ ಬಂದಾಗ ಬಟ್ಟಲು ಇಟ್ಟಲ್ಲೇ ಇತ್ತು. ಬರಿದಾಗಿತ್ತು.

ಮುದುಕಿ ಉಂಡು ಬಟ್ಟಲಿಟ್ಟಿದ್ದಾಳೆ ಎಂದುಕೊಂಡ. ಇಲ್ಲ, ಬಳೆಗಾರನೇ ಮಾತು ತಿರುಚಿದ್ದಾನೆ. ಹೆಂಗಸರ ಕೈ ಹಿಡಿದು ಬದುಕುವವನ ಬಾಯಿ ನಂಬಬಹುದೇ? ಮುದುಕಿ ಹೊರಗೆ ಬಂದರೆ ಬಾಗಿಲು ಹಾಕಿಕೊಂಡ. ಅವಳು ಕೆಮ್ಮಿದರೆ ನಕ್ಕಳು ಎಂದುಕೊಂಡ.

ಬಳೆಗಾರ ಮತ್ತೆ ಆ ಓಣಿಗೆ ಬಂದಾಗ ಬಡಗಿ ಉಳಿ ಹಿಡಿದೇ ಎದುರು ನಿಂತ.

"ಅವತ್ತು ಅವಳಿಗೆ ಏನು ಹೇಳಿದೆಯೋ?"

"ನೀನು ಹೇಳಿದ್ದೇ ಹೇಳಿದೆ ಯಜಮಾನ. ಆ ಉಳಿ ಕೆಳಗಿಡು, ಬಳೆ ಒಡೆದಾವು."

"ಅವಳು ಏನಂದಳು?"

"ಏನೂ ಅನ್ನಲಿಲ್ಲ. ಸಾವಿನ ಮನೆಯ ಮೊಸರು ಅವಳು ಮುಟ್ಟುವುದಿಲ್ಲವಂತೆ. ಬಾಯಿಬಿಟ್ಟು ಬೇಡ ಅಂದರೆ ನಿನಗೆ ನೋವಾದೀತು ಅಂತ ಸುಮ್ಮನಿದ್ದಳು. ಆಮೇಲೆ ನನ್ನ ಹತ್ತಿರ ಹೇಳಿದಳು. ಅಷ್ಟರಲ್ಲಿ ನಿನ್ನ ಮನೆಗೆ ಬೀಗ. ಬಟ್ಟಲನ್ನು ಬೆಕ್ಕು ನೆಕ್ಕಿತ್ತು."

"ಅವಳ ಮನಸ್ಸು ಆಗಲೇ ನನಗೆ ತಿಳಿಸಬಾರದಿತ್ತಾ?"

"ಆಡಿದ ಮಾತು ದಾಟಿಸುವವನು ನಾನು. ಆಡದ ಮಾತನ್ನು ಎಲ್ಲಿಂದ ತರಲಿ?"

ಬಡಗಿ ಒಳಗೆ ಹೋಗಿ ಗಡಿಗೆ ಎತ್ತಿ ಮೂಸಿದ. ಬೂದಿಯ ವಾಸನೆ ಬಂತು.

ಕತೆ ಅಲ್ಲಿಗೆ ನಿಂತಿತು. ಕೊಟ್ರೇಶನ ಕೈ ಇನ್ನೂ ಮೌಸಿನ ಮೇಲೇ ಇತ್ತು.

"ಇಷ್ಟು ಹೇಳಿದರೂ ಕಳ್ಳ ಯಾರೆಂದು ನೀವು ಹೇಳಲಿಲ್ಲ" ಎಂದ.

ಗುರುಗಳು ಅಂದರು: "ಕಳ್ಳನನ್ನು ಆಮೇಲೆ ಹುಡುಕೋಣ, ಮೊದಲು ಗಡಿಗೆ ತೊಳೆದ ಕೈ ತೋರಿಸು."