ಹೊಡೆದುಹಾಕಿದ ಪದ

ಸೀತಾನದಿಯ ದಂಡೆಯಲ್ಲಿ ಅಚ್ಯುತ ಉಡುಪರೆಂಬ ಮುದುಕರೊಬ್ಬರಿದ್ದರು. ಹಿಂದೊಮ್ಮೆ ಕರಾವಳಿಗೆ ವ್ಯಾಪಾರಕ್ಕೆ ಬಂದಿದ್ದ ಡಚ್ಚರ ಕಾಗದಗಳನ್ನು ಓದಬಲ್ಲವರು ಆ ಸೀಮೆಗೆಲ್ಲ ಅವರೊಬ್ಬರೇ. ಮಾತು ಕಮ್ಮಿ, ಸಿಟ್ಟು ಜಾಸ್ತಿ.

ಉಪೇಂದ್ರನೆಂಬ ತರುಣ ಹೋಗಿ ಅವರ ಕಾಲಿಗೆ ಬಿದ್ದ.

"ಅಪ್ಪಯ್ಯ ಸಾಯುವಾಗ ಕೈ ಹಿಡಿದು ಹೇಳಿದರು, ಮಹಾಲಯಕ್ಕೆ ನಮ್ಮವರಿಗೆಲ್ಲ ನೀರು ಬಿಡು, ಒಂದು ಹೆಸರೂ ತಪ್ಪಬಾರದು ಅಂತ. ನಮ್ಮ ಮನೆತನದ ಮೂಲಪುರುಷ ನರ್ಣಪ್ಪಜ್ಜನಿಂದ ಈಚೆಯವರೆಲ್ಲ ಗೊತ್ತು. ಆ ಅಜ್ಜನ ಕಾಲದ್ದು ಡಚ್ಚರ ಕಾಗದದಲ್ಲಿ ಇದೆಯಂತೆ. ನನಗೆ ಆ ಭಾಷೆ ಕಲಿಸಿ."

"ಎಷ್ಟು ಬೇಕು?"

"ಹುಟ್ಟು, ಮದುವೆ, ಸಾವು. ಅಪ್ಪ, ಮಗ, ಮಗಳು. ಅಷ್ಟು ಸಾಕಲ್ಲ?"

ಉಡುಪರು ಇಪ್ಪತ್ತು ಪದ ಬರೆಸಿದರು. ಕೊನೆಯದಕ್ಕೆ ಉಪೇಂದ್ರ ಮೂಗು ಮುರಿದ. 'ವೆರ್ಕೊಖ್ತ್'. ಅಂದರೆ, ಮಾರಲಾಯಿತು.

"ಇದು ಅಂಗಡಿಯವರ ಪದ. ವಂಶಾವಳಿಗೆ ಯಾಕೆ?" ಎಂದು ಗೀಟೆಳೆದು ಹೊಡೆದುಹಾಕಿದ.

ಉಡುಪರು ಆಗಲೇ ಅವನ ಕಿವಿ ಹಿಂಡಬಹುದಿತ್ತು. ಹಿಂಡಲಿಲ್ಲ.

ಮೂರು ತಿಂಗಳು ಉಪೇಂದ್ರ ಹತ್ತೊಂಬತ್ತು ಪದಗಳನ್ನು ಉರುಹೊಡೆದ. ಒಂದು ದಿನ ಉಡುಪರು ಡಚ್ಚರ ಕಾಗದಗಳ ಗಂಟು ಬಿಚ್ಚಿ ಹಳೇ ಹಾಳೆಯೊಂದನ್ನು ಅವನ ಮುಂದಿಟ್ಟರು.

"ನರ್ಣಪ್ಪ! ಊರು ನಮ್ಮದೇ, ಮನೆ ಹೆಸರೂ ನಮ್ಮದೇ!" ಉಪೇಂದ್ರ ಕೂತಲ್ಲೇ ಕುಣಿದ. "ದೊಖ್ತರ್, ಅಂದರೆ ಮಗಳು. ಅಯ್ಯೋ ದೇವರೇ, ಅಜ್ಜನಿಗೆ ಮಗಳಿದ್ದಳೇ? ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಹೆಸರು ನಾಗು. ಒಂಬತ್ತು ವರ್ಷ. ಆಮೇಲಿನದು ಮದುವೆಯೇ?"

"ಅಲ್ಲ."

"ಸತ್ತುಹೋದಳೇ?"

"ಅಲ್ಲ. ನೀನು ಗೀಟೆಳೆದದ್ದು."

ಉಪೇಂದ್ರ ಪದ ಬರೆದುಕೊಂಡಿದ್ದ ಪುಸ್ತಕ ತೆಗೆದ. ಗೀಟಿನಡಿಯ ಅಕ್ಷರಗಳನ್ನು ಒಂದೊಂದಾಗಿ ಹಾಳೆಯ ಅಕ್ಷರಗಳಿಗೆ ಹೋಲಿಸಿದ. ಒಂದೂ ಬಿಡದೆ ಹೊಂದಿದವು.

"ಮುಂದಿನ ಪದ ಗೊತ್ತಿಲ್ಲ," ಎಂದ.

"ಹಡಗಿನ ಹೆಸರು."

ಇಷ್ಟು ವರ್ಷ ಉಪೇಂದ್ರ ಮನೆಯಲ್ಲಿ ದಿನಾ ಕೈಮುಗಿಯುತ್ತಿದ್ದದ್ದು ಈ ಅಜ್ಜನ ಹೆಸರಿಗೇ.

"ಹೊಟ್ಟೆಗೆ ಗತಿಯಿಲ್ಲದೆ ಕೊಟ್ಟಿರಬೇಕು, ಗುರುಗಳೇ."

"ಇರಬಹುದು. ಕಾಗದದಲ್ಲಿ ಅದಿಲ್ಲ. ಅವಳಿದ್ದಾಳೆ."

"ಕೊಂಡವರು ಹೆಸರು ಬರೆದಿಟ್ಟರು. ನಾವು ಬರೆಯಲಿಲ್ಲ."

ಉಡುಪರು ಹಾಳೆ ಮಡಿಸಿ ಗಂಟು ಕಟ್ಟಿದರು.

ಮಹಾಲಯ ಅಮಾವಾಸ್ಯೆಯ ದಿನ ಇಬ್ಬರೂ ಹೊಳೆಗಿಳಿದರು. ಮೊಣಕಾಲು ಮುಳುಗುವಷ್ಟು ನೀರು. ಉಪೇಂದ್ರನ ಬೊಗಸೆಯಲ್ಲಿ ಎಳ್ಳು.

"ಅವಳು ಯಾವ ದೇಶದಲ್ಲಿ ಸತ್ತಳೋ, ಯಾವ ದೇವರಿಗೆ ಕೈಮುಗಿದಳೋ. ಯಾವ ಗೋತ್ರ ಹೇಳಲಿ?"

"ಮಾರಿದ ದಿನ ಯಾವುದಿತ್ತೋ ಅದನ್ನೇ ಹೇಳು."

ಉಪೇಂದ್ರ ಅಪ್ಪಯ್ಯನಿಂದ ಶುರುಮಾಡಿದ. ಅಜ್ಜ, ಮುತ್ತಜ್ಜ, ಹೀಗೆ ಒಬ್ಬೊಬ್ಬರಿಗೇ ನೀರು ಬಿಡುತ್ತಾ ಮೇಲೇರಿದ. ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೊನೆಗೆ ಬೊಗಸೆ ತುಂಬಿಕೊಂಡು ನರ್ಣಪ್ಪಜ್ಜನ ಹೆಸರೆತ್ತಿದ.

ಉಡುಪರು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು.

"ಅವನು ಕಾಯಲಿ. ಮೊದಲು ಮಗು ಕುಡಿಯಲಿ."