ಗರಡಿಯ ಬಾಗಿಲಲ್ಲಿ ಕೇಳುವ ಪ್ರಶ್ನೆ

ನದಿಯ ದಂಡೆಯ ಮೇಲೆ ಒಂದು ಹಳೆಯ ಗರಡಿ. ಮೊದಲು ಅಲ್ಲಿ ಕುಸ್ತಿ ನಡೆಯುತ್ತಿತ್ತು. ರಾಜೇಸಾಬ ಗುರುಗಳು ಬಂದ ಮೇಲೆ ಕೆಮ್ಮಣ್ಣಿನ ಮೇಲೆ ಮ್ಯಾಟು ಹಾಸಿ ಜೂಡೋ ಕಲಿಸತೊಡಗಿದರು.

ಹಳದಿ, ಹಸಿರು, ಕಂದು ಬೆಲ್ಟುಗಳನ್ನು ಅವರು ಆಟ ನೋಡಿಯೇ ಕೊಡುತ್ತಿದ್ದರು. ಕಪ್ಪು ಬೆಲ್ಟಿಗೆ ಮಾತ್ರ ಬೇರೆ ಪದ್ಧತಿ.

ಪರೀಕ್ಷೆಗೆ ನಿಂತವರು ಗರಡಿಯಲ್ಲಿದ್ದ ಪ್ರತಿಯೊಬ್ಬರನ್ನೂ ಒಂದೊಂದು ಸಲ ಎತ್ತಿ ಕೆಡವಬೇಕು. ಕೆಡವಿದ ಮೇಲೆ ತಾವು ನಿಂತಿರಬೇಕು. ಎಲ್ಲ ಮುಗಿದ ಮೇಲೆ ನದಿಗೆ ಹೋಗಿ ಕಾಲು ತೊಳೆದುಕೊಂಡು ಬರಬೇಕು.

ಅಷ್ಟರಲ್ಲಿ ಗುರುಗಳು ಬಾಗಿಲಲ್ಲಿ ನಿಂತು, ಬಿದ್ದವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುತ್ತಾ, ಪ್ರತಿಯೊಬ್ಬರ ಕಿವಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಎಲ್ಲರಿಗೂ ಅದೇ ಪ್ರಶ್ನೆ. ಅದನ್ನು ಯಾರೂ ಹೊರಗೆ ಹೇಳುವಂತಿರಲಿಲ್ಲ.

ನೀಲಾಂಬಿಕಾ ಏಳು ವರ್ಷ ಅಲ್ಲಿ ಕಲಿತವಳು. ಅವಳ ಕಾಲದಲ್ಲಿ ಕಪ್ಪು ಬೆಲ್ಟಿಗೆ ನಿಂತವಳು ಅವಳೊಬ್ಬಳೇ. ಹಾಗಾಗಿ ಆ ಪ್ರಶ್ನೆಯನ್ನು ಅವಳು ಎಂದೂ ಕೇಳಿರಲಿಲ್ಲ.

ಮೊದಲ ಸಲ ಹನ್ನೊಂದು ಜನರನ್ನು ಕೆಡವಿದಳು. ಕಾಲು ತೊಳೆದು ಬಂದಾಗ ಗುರುಗಳು, "ಇನ್ನೂ ಇಲ್ಲ ತಂಗಿ" ಎಂದರು.

'ಪೆಟ್ಟು ಎಷ್ಟು ಜೋರಾಗಿತ್ತು?' ಎಂದೇ ಅವರು ಕೇಳುತ್ತಿರಬೇಕು ಎಂದುಕೊಂಡಳು ನೀಲಾ. ಒಂದು ವರ್ಷ, ದಿನವೂ ಬೆಳಗ್ಗೆ ಐದಕ್ಕೆ ಎದ್ದು ಮರಳಿನ ಚೀಲ ಎತ್ತಿ ಎತ್ತಿ ಒಗೆದಳು.

ಎರಡನೆಯ ಸಲ ಹನ್ನೊಂದು ಜನರೂ ಬಿದ್ದ ಸದ್ದಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು.

"ಇನ್ನೂ ಇಲ್ಲ ತಂಗಿ."

ನಾಲ್ಕು ದಿನ ನೀಲಾ ತಡೆದುಕೊಂಡಳು. ಐದನೆಯ ದಿನ ಕೇಳಿಯೇ ಬಿಟ್ಟಳು.

"ಹನ್ನೊಂದು ಮಂದಿಯೊಳಗ ಒಬ್ಬರರ ಬೀಳದ ಉಳದ್ರೇನ್ರಿ ಗುರುಗಳ?"

"ಇಲ್ಲ. ಎಲ್ಲಾರೂ ಬಿದ್ರು."

"ಹಂಗಾರ ನಿಮ್ಮನ್ನ ಕೆಡವಿ ತೋರಸಲೇನು?"

ಗುರುಗಳು ನಕ್ಕರು. "ನನ್ನ ಕೆಡವಾಕ ಇನ್ನೂ ಟೈಮ್ ಅದ. ಈ ಗರಡಿಯೊಳಗ ಆ ಹಕ್ಕು ಕಪ್ಪು ಬೆಲ್ಟಿಗೆ ಮಾತ್ರ."

"ಮತ್ತ ನಂದು ತಪ್ಪರ ಏನ್ರಿ?"

"ಕಾಶವ್ವ ನಾಕು ದಿನದಿಂದ ಬಂದಿಲ್ಲ. ಹೋಗಿ ಕರಕೊಂಡು ಬಾ."

ಕಾಶವ್ವ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವಾಕೆ. ನಲವತ್ತು ದಾಟಿತ್ತು. ಗರಡಿಗೆ ಬಂದು ಮೂರು ತಿಂಗಳಾಗಿತ್ತಷ್ಟೇ. ಸೊಂಟಕ್ಕೆ ಬಿಳಿ ಬೆಲ್ಟು. ಮೆಲ್ಲಗೆ ಮಾತಾಡುವುದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಅವಳು ಗುಟ್ಟು ಹೇಳಿದರೂ ಆಚೆ ದಂಡೆಗೆ ಕೇಳುತ್ತಿತ್ತು.

ನೀಲಾ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು.

"ಯಾಕ ಬರವಲ್ರಿ ಕಾಶಕ್ಕಾ? ಪೆಟ್ಟಾತೇನು?"

"ಪೆಟ್ಟೇನಿಲ್ಲವಾ. ಇಪ್ಪತ್ತು ವರ್ಷ ರೊಟ್ಟಿ ಬಡದು ಮೈಯೆಲ್ಲಾ ಕಲ್ಲಾಗೇದ."

"ಮತ್ತ?"

"ಅಂಜಿಕಿ ಬಂತು."

"ಬೀಳಾಕ ಎಲ್ಲಾರಿಗೂ ಅಂಜಿಕಿ ಇರತದ."

ಕಾಶವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಬೀಳಾಕಲ್ಲ. ಪರೀಕ್ಷಾ ದಿನ ನೀ ನನ್ನ ಎತ್ತಿದಿ, ಕೈ ಬಿಟ್ಟಿ. ಆಮ್ಯಾಲ ನೆಲ ಸಿಗೂತನಕ ನನ್ನ ಕೂಡ ಯಾರೂ ಇರಲಿಲ್ಲ ನೋಡು."

ಕಾಶವ್ವ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವಳ ಕೈಗಿತ್ತಳು.

"ತಿನ್ನು. ಮಾರಿ ಎಷ್ಟು ಸಣ್ಣ ಮಾಡಿಕೊಂಡು ಬಂದೀ!"

ನೀಲಾ ಒಬ್ಬಳೇ ಹಿಂದಿರುಗಿದಳು. ಕಾಶವ್ವ ಹೇಳಿದ್ದನ್ನು ಒಂದು ಮಾತೂ ಬಿಡದೆ ಗುರುಗಳಿಗೆ ಹೇಳಿದಳು.

ಗುರುಗಳಿಗೆ ಆಗ ಎಪ್ಪತ್ತು. ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟರು.

"ಬಾ."

ಒಂದು ಕೈ ಅವಳ ಕೊರಳಪಟ್ಟಿಯ ಮೇಲೆ, ಒಂದು ಕೈ ಅವಳ ಬಲದೋಳಿನ ಮೇಲೆ. ಹೆಂಚು ತಿರುಗಿತು, ಕಿಟಕಿ ತಿರುಗಿತು. ನೀಲಾ ಮ್ಯಾಟಿನ ಮೇಲೆ ಅಂಗಾತ ಬಿದ್ದಿದ್ದಳು.

"ಎಲ್ಲಿ ಪೆಟ್ಟಾತು?"

"ಎಲ್ಲೂ ಇಲ್ರಿ."

ಆಗ ನೋಡಿದಳು. ಅವಳ ಅಂಗಿಯ ತೋಳು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಕೊನೆಯ ಗಳಿಗೆಯಲ್ಲಿ ಅವರು ಅದನ್ನು ಮೇಲಕ್ಕೆ ಎಳೆದು ಹಿಡಿದಿದ್ದರು. ಅವಳ ತಲೆ ನೆಲಕ್ಕೆ ತಾಗಿರಲಿಲ್ಲ. ತೊಟ್ಟಿಲಲ್ಲಿ ಕೂಸು ಮಲಗಿಸುವಂತೆ ಮಲಗಿಸಿದ್ದರು.

"ಇದನ್ನ ಮೊದಲನೇ ದಿನಾನ ಕಲಿಸಿದ್ರಿ."

"ಕಲಿಸಿದ್ದೆ. ನೀ ಮುಂದ ಹೋದಿ. ಅದು ಹಿಂದ ಉಳೀತು."

ನೀಲಾ ಮಲಗಿದ್ದಲ್ಲಿಂದಲೇ ಹೇಳಿದಳು.

"ಕೈ ಬಿಟ್ಟರ ಸಪ್ಪಳ ಜೋರ ಬರತದ. ಅದಕ್ಕ ಬಿಡತಿದ್ನಿ."

"ಪಾರಿವಾಳಕ್ಕೂ ಗೊತ್ತಾಗೇದ" ಎಂದು ಗುರುಗಳು ಅವಳನ್ನು ಎಬ್ಬಿಸಿ ಕೂರಿಸಿದರು. "ಒಂದು ವರ್ಷ ನೀ ಯಾರನ್ನೂ ಕೆಡವಬ್ಯಾಡ. ಹೊಸಬರು ನಿನ್ನ ಕೆಡವಲಿ."

ಮರುದಿನ ನೀಲಾ ಮತ್ತೆ ಹಾಸ್ಟೆಲ್ಲಿಗೆ ಹೋದಳು.

"ಕಾಶಕ್ಕಾ, ಬಂದು ನನ್ನ ಕೆಡವ್ರಿ."

"ಇದು ಚಲೋ ಆತಲ್ಲ!" ಎಂದು ಕಾಶವ್ವ ಸೀರೆಗೆ ಕೈ ಒರೆಸಿಕೊಂಡು ಅವಳ ಹಿಂದೆಯೇ ಹೊರಟಳು.

ಆ ವರ್ಷ ನೀಲಾ ಬಿದ್ದದ್ದೇ ಬಿದ್ದದ್ದು. ಕೆಲವರು ಅರ್ಧಕ್ಕೇ ಕೈ ಬಿಡುತ್ತಿದ್ದರು. ಆಗ ನೆಲ ಸಿಗುವತನಕದ ಆ ಖಾಲಿ ಜಾಗ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುತ್ತಿತ್ತು. ಕಾಶವ್ವ ಮಾತ್ರ ಕೈ ಬಿಡುತ್ತಲೇ ಇರಲಿಲ್ಲ, ತೋಳು ಹಿಡಿದುಕೊಂಡೇ ತಾನೂ ಹಿಟ್ಟಿನ ಚೀಲದ ಹಾಗೆ ಮೇಲೆ ಬಿದ್ದು, "ಸತ್ತೀಯೇನವಾ?" ಎಂದು ಕೂಗುತ್ತಿದ್ದಳು.

ಮೂರನೆಯ ಪರೀಕ್ಷೆಯ ದಿನ ಬಂತು.

ನೀಲಾ ಹತ್ತು ಜನರನ್ನು ಕೆಡವಿದಳು. ಪಾರಿವಾಳಗಳು ಕೂತಲ್ಲಿಂದ ಕದಲಲಿಲ್ಲ. ಹನ್ನೊಂದನೆಯವಳು ಕಾಶವ್ವ.

ಎತ್ತುವುದು ಚೆನ್ನಾಗಿಯೇ ಆಯಿತು. ಆದರೆ ಮೇಲೆ ಹೋದ ಕಾಶವ್ವನಿಗೆ ಹಳೆಯ ಭಯ ಮರಳಿತು. ಗಾಬರಿಯಲ್ಲಿ ಎಡಗೈಯನ್ನು ನೆಲದತ್ತ ಚಾಚಿಬಿಟ್ಟಳು. ಹಾಗೆ ಬಿದ್ದರೆ ಮೊಣಕೈ ಮುರಿಯುತ್ತದೆ. ಆ ಕೈ ಮುರಿದರೆ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವವರಿಲ್ಲ.

ಕೈ ಬಿಟ್ಟು ನಿಂತೇ ಇರಲು ನೀಲಾಗೆ ಸಾಧ್ಯವಿತ್ತು. ಅವಳು ನಿಲ್ಲಲಿಲ್ಲ. ಎರಡೂ ಮೊಣಕಾಲು ಊರಿ, ಕಾಶವ್ವನ ತೋಳನ್ನು ಎದೆಗೆ ಎಳೆದುಕೊಂಡು ಅವಳ ಜೊತೆಗೇ ಕೆಳಗೆ ಹೋದಳು. ಇಬ್ಬರೂ ಉರುಳಿ, ಮ್ಯಾಟಿನ ಅಂಚಿಗೆ ಹೋಗಿ ಬಿದ್ದರು.

ಕೆಡವಿದವರು ನಿಂತಿರಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತಿತ್ತು.

ನೀಲಾ ವಂದಿಸಿ, ನದಿಗೆ ಇಳಿದು ಹೋದಳು. ಕಾಲು ತೊಳೆದಾದ ಮೇಲೂ ನೀರಲ್ಲೇ ಕಾಲಿಟ್ಟುಕೊಂಡು ಕೂತಳು. ಇನ್ನೊಂದು ವರ್ಷ, ಎಂದುಕೊಂಡಳು. ಆಶ್ಚರ್ಯವೆಂದರೆ, ಅಳು ಬರಲಿಲ್ಲ.

ಅಷ್ಟರಲ್ಲಿ ಗರಡಿಯ ಬಾಗಿಲಿಂದ ಕಾಶವ್ವನ ದನಿ ಕೇಳಿಸಿತು.

"ನಾಳೆನೂ ಈಕಿ ಕೈಯಾಗ ಬೀಳತೀಯೇನು ಅಂತ ಕೇಳತೀರಲ್ರಿ ಗುರುಗಳ! ನಾಳೆ ಯಾಕ? ಈಗ ಬೀಳತೀನಿ! ರೊಟ್ಟಿಗಿ ಹೊತ್ತಾದ್ರ ಆಗಲಿ ಬಿಡ್ರಿ!"

"ಮೆಲ್ಲಕ, ಕಾಶಕ್ಕಾ!" ಎಂದು ಯಾರೋ ಅವಳ ಬಾಯಿ ಮುಚ್ಚಲು ಹೋದರು. ಉಳಿದವರು ನಗುತ್ತಿದ್ದರು.

ನೀಲಾ ಒದ್ದೆ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಈಗ ಅಳು ಬಂತು.

ಅವಳು ಒಳಗೆ ಬಂದಾಗ ಗುರುಗಳ ಕೈಯಲ್ಲಿ ಕಪ್ಪು ಬೆಲ್ಟಿತ್ತು.

"ನಾ ನಿಂತಿರಲಿಲ್ರಿ ಗುರುಗಳ."

"ಕಂಡೀನಿ."

"ಹೋದ ವರ್ಷ ಎಷ್ಟು ಮಂದಿ ಹೂಂ ಅಂದಿದ್ರು?"

"ಕೇಳಬ್ಯಾಡ."

"ಇವತ್ತ?"

ಗುರುಗಳು ಬಗ್ಗಿ, ಅವಳ ಸೊಂಟಕ್ಕೆ ಬೆಲ್ಟು ಸುತ್ತಿ, ಎರಡು ತುದಿಗಳನ್ನು ಸಮ ಮಾಡಿ ಗಂಟು ಹಾಕಿದರು.

ಆಮೇಲೆ ಕನ್ನಡಕ ತೆಗೆದು ಕಾಶವ್ವನ ಕೈಗೆ ಕೊಟ್ಟರು. ಮ್ಯಾಟಿನ ನಡುವೆ ಹೋಗಿ ನಿಂತು, ತಮ್ಮ ಬಲದೋಳನ್ನು ನೀಲಾಳ ಮುಂದೆ ಚಾಚಿದರು.

"ಹಿಡಿ ತಂಗಿ. ನಾ ಬಿದ್ದು ಹದಿನಾಕು ವರ್ಷ ಆತು."