ಮುಚ್ಚಿದ ಕಣ್ಣಿನ ಬೆಳಕು

"ಗುರುಗಳೇ, ಕಣ್ಣು ಮುಚ್ಚಿ ಕುಳಿತಾಗ ಬೆಳಕು ಕಂಡರೆ ಅದು ಅನುಗ್ರಹ ತಾನೇ?" ಎಂದು ಕೊಟ್ರಯ್ಯ ಕೇಳಿದ.

ಕೇಳಿದ್ದೇನೋ ಪ್ರಶ್ನೆ, ಆದರೆ ಉತ್ತರವನ್ನು ಅವನು ಆಗಲೇ ಇಟ್ಟುಕೊಂಡು ಬಂದಿದ್ದ. ಐವತ್ತು ದಾಟಿದ ಅವನು ಮಠಕ್ಕೆ ಬಂದವರಿಗೆ ಊಟ ಬಡಿಸುತ್ತಿದ್ದ. ಹತ್ತು ದಿನದಿಂದ ಧ್ಯಾನಕ್ಕೆ ಕುಳಿತರೆ ಸಾಕು, ಕಣ್ಣಂಚಿನಲ್ಲಿ ಬಿಳಿ ಮಿಂಚು ಸುಳಿದು ಹೋಗುತ್ತಿತ್ತು. ಅಂದಿನಿಂದ ಬಡಿಸುವ ಕೆಲಸ ಅವನಿಗೆ ಸಪ್ಪೆಯಾಯಿತು. ನಿನ್ನೆ ಪಂಕ್ತಿಯಲ್ಲಿ ಗುರುಗಳ ಎದುರೇ ತನ್ನ ಎಡಕ್ಕಿದ್ದ ಊಟದೆಲೆ ಕಾಣದೆ ಸಾರನ್ನು ನೆಲಕ್ಕೆ ಸುರಿದಿದ್ದ. ಲೋಕದ ಪರಿವೆ ಕಳಚುತ್ತಿದೆ ಎಂದು ಒಳಗೊಳಗೇ ಹಿಗ್ಗಿದ್ದ. ಇವತ್ತು ಬಂದದ್ದು ಮಠ ಬಿಟ್ಟು ಬೆಟ್ಟದ ಮೇಲಿನ ಗವಿಯಲ್ಲಿ ಒಬ್ಬನೇ ಇರಲು ಅಪ್ಪಣೆ ಕೇಳುವುದಕ್ಕೆ.

ಗುರುಗಳು ಹಿಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. "ಕುಳಿತುಕೋ. ಒಂದು ಕತೆ ಕೇಳು, ಅಪ್ಪಣೆ ಆಮೇಲೆ," ಎಂದು ಶುರು ಮಾಡಿದರು.

ಒಬ್ಬ ಗಗನಯಾತ್ರಿ ಇದ್ದ. ಅವನೂ ಒಬ್ಬ ಇಂಜಿನಿಯರೂ ಒಂದು ನೌಕೆಯಲ್ಲಿ ಭೂಮಿಯನ್ನು ಸುತ್ತುತ್ತಿದ್ದರು. ಇಂಜಿನಿಯರ್ ಹೆಂಗಸು. ನೌಕೆಯ ಕಂಪ್ಯೂಟರುಗಳ ಹೊಣೆ ಅವಳದು.

ಗಗನಯಾತ್ರಿ ಮಲಗಿ ಕಣ್ಣು ಮುಚ್ಚಿದರೆ ಬೆಳಕು ಕಾಣುತ್ತಿತ್ತು. ಒಮ್ಮೆ ಚುಕ್ಕೆ, ಒಮ್ಮೆ ಗೆರೆ. ಮೊದಲ ದಿನ ಹೆದರಿದ. ಮೂರನೆಯ ದಿನ ಕೈ ಮುಗಿದ. ಲೋಕದ ಇಷ್ಟು ಜನರಲ್ಲಿ ದೇವರು ತನ್ನೊಬ್ಬನನ್ನೇ ಕರೆಯುತ್ತಿದ್ದಾನೆ ಎಂದುಕೊಂಡ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲೂ ನಿಲ್ಲುತ್ತಿರಲಿಲ್ಲ ಬಿಡು, ಅಲ್ಲಿ ತೂಕವೇ ಇಲ್ಲವಲ್ಲ. ಅಂದಿನಿಂದ ಕಂಡ ಪ್ರತಿಯೊಂದು ಬೆಳಕನ್ನೂ ಗಂಟೆ, ನಿಮಿಷದ ಸಮೇತ ಪುಸ್ತಕದಲ್ಲಿ ಬರೆದಿಟ್ಟ. ಇಂಜಿನಿಯರಿಗೆ ಮಾತ್ರ ಹೇಳಲಿಲ್ಲ. ಎಲ್ಲಿ ಪಾಲು ಕೇಳುತ್ತಾಳೋ ಎಂಬ ಭಯ.

ಮಲಗುವುದಕ್ಕೆ ನೌಕೆಯಲ್ಲಿ ಒಂದು ಮೂಲೆ ಇತ್ತು. ಅದರ ಸುತ್ತ ನೀರಿನ ಚೀಲಗಳನ್ನು ಕಟ್ಟಿದ್ದರು. ಆ ಮೂಲೆಯಲ್ಲಿ ಬೆಳಕು ಕಡಿಮೆ. ಅಲ್ಲಿ ಉಸಿರು ಕಟ್ಟುತ್ತದೆ ಎಂದು ಅವಳಿಗೆ ಸುಳ್ಳು ಹೇಳಿ ಅವನು ತನ್ನ ಹಾಸಿಗೆಯನ್ನು ತೆಳುಗೋಡೆಯ ಬದಿಗೆ ಒಯ್ದ. ಅಲ್ಲಿ ಬೆಳಕೇ ಬೆಳಕು.

ಇಂಜಿನಿಯರಿಗೆ ಬೇರೆಯದೇ ತಲೆನೋವು. ಕಂಪ್ಯೂಟರಿನ ಮೆಮೊರಿಯಲ್ಲಿ ಸೊನ್ನೆ ಇದ್ದ ಕಡೆ ತಾನಾಗಿ ಒಂದು ಬಂದು ಕೂರುತ್ತಿತ್ತು. ಯಾರೂ ಮುಟ್ಟದೆ ಫ್ಯಾನು ನಿಲ್ಲುತ್ತಿತ್ತು, ದೀಪ ಹತ್ತುತ್ತಿತ್ತು. ಅವಳೂ ಪ್ರತಿ ತಪ್ಪಿನ ವೇಳೆಯನ್ನು ಬರೆದಿಡುತ್ತಿದ್ದಳು. ಒಂದು ದಿನ ನೌಕೆಯ ದಿಕ್ಕು ನೋಡಿಕೊಳ್ಳುವ ಕಂಪ್ಯೂಟರೇ ನಿಂತುಹೋಯಿತು. ಅವಳು ಅದನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡಿದಳು. ಆಮೇಲೆ ನೇರವಾಗಿ ಅವನ ಹತ್ತಿರ ಬಂದಳು.

"ನೀವೇನಾದರೂ ಮುಟ್ಟಿದಿರಾ?"

"ನಾನೇಕೆ ಮುಟ್ಟಲಿ? ಆ ಹೊತ್ತಿಗೆ ನನಗೆ ದರ್ಶನ ಆಗುತ್ತಿತ್ತು," ಎಂದು ಬಾಯಿ ತಪ್ಪಿ ಅಂದುಬಿಟ್ಟ. ಅಂದ ಮೇಲೆ ಪುಸ್ತಕವನ್ನೂ ತೋರಿಸಬೇಕಾಯಿತು.

ಅವಳು ತನ್ನ ಪುಸ್ತಕವನ್ನು ಅದರ ಪಕ್ಕಕ್ಕೆ ಹಿಡಿದು ಬೆರಳಿಟ್ಟು ಓದುತ್ತ ಹೋದಳು. ನೌಕೆ ಒಂದು ಕಡಲಿನ ಮೇಲೆ ಹಾಯುವಾಗಲೆಲ್ಲ ಅವನ ಪುಸ್ತಕದಲ್ಲಿ ಬೆಳಕು ಹೆಚ್ಚು, ಅವಳದರಲ್ಲಿ ತಪ್ಪು ಹೆಚ್ಚು. ಎರಡರ ವೇಳೆಯೂ ತಾಳೆಯಾಯಿತು. ಅವಳ ಮುಖ ಬಿಳಿಚಿಕೊಂಡಿತು.

"ಆ ಕಡಲಿನ ಮೇಲೆ ಭೂಮಿಯ ಕಾಂತದ ಕಾವಲು ತೆಳು. ವಿಕಿರಣ ನೌಕೆಯ ಗೋಡೆ ತೂರಿ ಒಳಗೆ ಬರುತ್ತದೆ. ನನ್ನ ಕಂಪ್ಯೂಟರನ್ನು ಕೆಡಿಸುತ್ತಿರುವುದೇ ನಿಮ್ಮ ಕಣ್ಣನ್ನೂ ತೂರಿ ಹೋಗುತ್ತಿದೆ. ತೂರಿದಾಗಲೆಲ್ಲ ನಿಮಗೆ ಬೆಳಕು ಕಾಣುತ್ತದೆ. ಕಂಪ್ಯೂಟರನ್ನಾದರೆ ಆಫ್ ಮಾಡಿ ಮತ್ತೆ ಚಾಲೂ ಮಾಡಿದೆ. ನಿಮ್ಮನ್ನು ಏನು ಮಾಡಲಿ?"

ವಿಕಿರಣದ ಪಾಠ ಗಗನಯಾತ್ರಿಗೂ ಆಗಿತ್ತು. ಅಪಾಯ ಎಂದು ಹೇಳಿದ್ದರೇ ಹೊರತು ಇಷ್ಟು ಚೆಂದ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವನು ತನ್ನ ಪುಸ್ತಕವನ್ನು ಎಣಿಸಿ ನೋಡಿದ. ಆರುನೂರ ಹನ್ನೆರಡು ಬೆಳಕು. ಆರುನೂರ ಹನ್ನೆರಡು ಸಲ ಏನೋ ಒಂದು ಅವನ ಕಣ್ಣನ್ನು ತೂರಿ ಹೋಗಿತ್ತು. ಅಷ್ಟು ಸಲವೂ ಅವನು ಕೈ ಮುಗಿದಿದ್ದ.

ಹಾಸಿಗೆ ವಿಕಿರಣ ತಡೆಯುವ ನೀರಿನ ಚೀಲಗಳ ನಡುವಿಗೆ ಮರಳಿತು. ಆದರೂ ಭೂಮಿಗೆ ಬಂದ ಕೆಲವೇ ವರ್ಷದಲ್ಲಿ ಅವನ ಎರಡು ಕಣ್ಣಿಗೂ ಪೊರೆ ಬಂತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಕೊಟ್ರಯ್ಯ ತನ್ನ ಕಣ್ಣುಗಳನ್ನು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಅವನಿಗೆ ಒಂದು ವಿಷಯ ಹೊಳೆದು, ಹೋದ ಜೀವ ಬಂದಂತಾಯಿತು.

"ಗುರುಗಳೇ, ಅವನಿದ್ದದ್ದು ಆಕಾಶದಲ್ಲಿ. ನಾನಿರುವುದು ನೆಲದ ಮೇಲೆ. ಇಲ್ಲಿ ಅಂಥ ವಿಕಿರಣ ಇಲ್ಲವಲ್ಲ?"

"ಇಲ್ಲ. ಇಲ್ಲಿ ನಮ್ಮನ್ನು ಗಾಳಿ ಕಾಯುತ್ತದೆ."

"ಹಾಗಾದರೆ ನನಗೆ ಕಂಡದ್ದು ನಿಜವಾದ ಬೆಳಕೇ!"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಅದು ಕಾಣುವುದು ಯಾವ ಕಣ್ಣಿಗೆ ಕೊಟ್ರಯ್ಯ, ಬಲಗಣ್ಣಿಗೋ, ನಿನ್ನೆ ಎಲೆ ಕಾಣದ ಎಡಗಣ್ಣಿಗೋ?"

ಕೊಟ್ರಯ್ಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಗುರುಗಳ ಕಡೆ ನೋಡಿದ. ಗುರುಗಳ ಅರ್ಧ ಮುಖಕ್ಕೆ ಕಪ್ಪು ಪರದೆ ಇಳಿದಿತ್ತು.